ಜೋಡಿ ಬೆನ್ನಿನ ಷೋಕೇಸು

ಪೆಟಾಲಿಂಗ್ ಜಯಾ, ಮಲೇಷ್ಯಾ
೪-೬-೨೦೨೫, ಬುಧವಾರ ಮಧ್ಯಾಹ್ನ

ನನ್ನ ರತ್ನಮ್ಮನಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ, ಇಲ್ಲಾ ಮಗಳು ಲಕ್ಷ್ಮಿಯ ಬಾಣಂತನದ ಗಡಿಬಿಡಿಯಲ್ಲಿ ಅದನ್ನೂ ಮರೆತು ಅವಳ ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೀಯೋ? ಎಣ್ಣೆ ಹಚ್ಚಿಕೊಂಡು ಒಂದು ಗಳಿಗೆ ಕಾಲು ಚಾಚು ಅಂದರೆ ಕೇಳುವ ಜಾತಿಯಲ್ಲ ನೀನು. ಮಗು ಹಾಲು ಕಕ್ಕುವುದು ನಿಂತಿತೇ? ಲಕ್ಷ್ಮಿಯನ್ನು ಹಗಲು ಹೊತ್ತು ಮಲಗಲು ಬಿಡು, ನಿನ್ನ ಕಾಲದ ಬಾಣಂತನದ ಪುರಾಣ ಆಮೇಲೆ ಹೇಳಿದರಾಯಿತು. ನಾನು ಚೆನ್ನಾಗಿದ್ದೇನೆ. ಮಾತ್ರೆ ತಪ್ಪಿಸಿಲ್ಲ. ಸೊಸೆ ಮಯೂರಿ ಆಫೀಸಿಗೆ ಹೊರಡುವ ಮುಂಚೆ ಎದುರಿಗೆ ನಿಂತು ನುಂಗಿಸಿಯೇ ಹೋಗುತ್ತಾಳೆ. ನೀನೇ ಫೋನಿನಲ್ಲಿ ಪಾಠ ಮಾಡಿರಬೇಕು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ, ಹೇಗೂ ಭಾನುವಾರ ನಾಮಕರಣಕ್ಕೆಂದು ಹೊರಟು ಬರುತ್ತೀರಲ್ಲ ಅನ್ನುತ್ತೀಯ. ಕೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕದೆ ಮಾತಾಡಿದ್ದು ಯಾವತ್ತು? ನಾನಿಲ್ಲಿ ಒಂದು ಮಾತಾಡಿದರೆ ಅಲ್ಲಿ ಅಳಿಯ, ಬೀಗಿತ್ತಿ, ಪಕ್ಕದ ಮನೆಯವರು ಎಲ್ಲ ಸೇರಿ ಉತ್ತರ ಕೊಡುತ್ತಾರೆ. ಈಗ ಹೇಳಬೇಕಾಗಿರುವುದು ನಿನಗೊಬ್ಬಳಿಗೆ. ಮಗ ಪ್ರಶಾಂತನ ಆಫೀಸಿನ ಮನೀಷ್ ಇವತ್ತು ಊರಿಗೆ ಹೊರಟಿದ್ದಾನೆ, ಮೈಸೂರಿನವನೇ. ಸಂಜೆ ಏರ್‌ಪೋರ್ಟಿಗೆ ಹೋಗುವಾಗ ಇಲ್ಲಿಗೆ ಬಂದು ಪತ್ರ ತೆಗೆದುಕೊಂಡು ಹೋಗುತ್ತಾನೆ.

ವಿಷಯ ಇಷ್ಟು. ಮೊಮ್ಮಗಳು ಇಂಚರ ಸಾಕಿದ ಹಾವಿಗೆ ನಾನು ಮಾಡಿಕೊಟ್ಟ ಷೋಕೇಸು ಇದೆಯಲ್ಲ, ಅದರ ಬೆನ್ನುಹಲಗೆಗಳ ನಡುವೆ ಹಾವು ಸಿಕ್ಕಿಹಾಕಿಕೊಂಡಿದೆ. ನಿನ್ನೆ ಬೆಳಿಗ್ಗೆಯಿಂದ. ಬದುಕಿದೆಯೋ ಇಲ್ಲವೋ ಗೊತ್ತಿಲ್ಲ. ಅದನ್ನು ತೆಗೆಯಬೇಕಾದರೆ ಷೋಕೇಸು ಬಿಚ್ಚಬೇಕು, ಬಿಚ್ಚುವುದಕ್ಕೆ ನಾನು ಮಾಡಿಲ್ಲ. ಈಗ ಹಲಗೆ ಸೇರುವ ಕೂಡುಗಳ ಮೇಲೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿಟ್ಟಿದ್ದೇವೆ, ಅಂಟು ಮೆತ್ತಗಾಗಲಿ ಎಂದು. ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲ. ನನ್ನ ಕೈ ಸುಮ್ಮನಿರುವುದಿಲ್ಲ, ಬಾಯಿ ಅದಕ್ಕಿಂತ ಸುಮ್ಮನಿರುವುದಿಲ್ಲ. ಹುಡುಗಿ ನೋಡುವಷ್ಟು ನೋಡಿ, ತನ್ನ ಸ್ಕೂಲ್ ಪುಸ್ತಕದಿಂದ ಹಾಳೆ ಹರಿದು ಪೆನ್ನಿನ ಜೊತೆ ನನ್ನ ಮುಂದಿಟ್ಟು ಹೋದಳು. ನಿನ್ನೆ ಸಂಜೆಯಿಂದ ಅವಳು ನನ್ನ ಜೊತೆ ಮಾತಾಡುತ್ತಿಲ್ಲ ರತ್ನ.

ಹಾವೆಂದರೆ ನೀನು ವಿಡಿಯೋದಲ್ಲಿ ನೋಡಿ ಕೈಮುಗಿದೆಯಲ್ಲ, ಅದೇ. ಹೆಬ್ಬಾವಿನ ಜಾತಿಯ ಮರಿ, ಹೆಬ್ಬೆರಳಿನಷ್ಟು ದಪ್ಪ, ವಿಷ ಇಲ್ಲ. ಹೆದರಿದರೆ ಚೆಂಡಿನ ಹಾಗೆ ಸುರುಳಿ ಸುತ್ತಿ ತಲೆಯನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತದೆ. ಮೈಬಣ್ಣ ನೋಡಿ ಕೋಪಿ ಅಂತ ಹೆಸರಿಟ್ಟಿದ್ದಾಳೆ. ಇಲ್ಲಿಯವರು ಕಾಫಿಗೆ ಹಾಗನ್ನುವುದು. ಸಾಕುವುದಕ್ಕೆ ಸರ್ಕಾರದ ಅನುಮತಿಯೂ ಇದೆ, ನನಗೆ ವೀಸಾ ಇದ್ದ ಹಾಗೆ. ಬಂದ ಹೊಸದರಲ್ಲಿ ನಾನು ಆ ಕೋಣೆಯ ಕಡೆಗೆ ತಲೆ ಹಾಕಿರಲಿಲ್ಲ. ಹುಡುಗಿಗೂ ನನಗೂ ಮಾತೇ ಇರಲಿಲ್ಲ ಅನ್ನು. ನಾನು ಕನ್ನಡದಲ್ಲಿ ಕೇಳುವುದು, ಅವಳು "ಓಕೆ ಲಾ ತಾತಾ" ಅಂದು ಓಡುವುದು. ಇಲ್ಲಿಯವರ ಮಾತಿನ ಕೊನೆಗೆ ಸಲಿಗೆಯ ಒಂದು ಲಾ ಇದ್ದೇ ಇರುತ್ತದೆ. ಹನ್ನೊಂದು ವರ್ಷದ ಮೊಮ್ಮಗಳ ಮನೆಯಲ್ಲಿ ನಾನು ಬಾಡಿಗೆಗೆ ಬಂದವನ ಹಾಗೆ ಇದ್ದೆ. ಒಂದು ದಿನ ಅವಳೇ ಬಂದು ನಿಂತಳು. ಪ್ಲಾಸ್ಟಿಕ್ ಡಬ್ಬದಲ್ಲಿ ಕೋಪಿಗೆ ಜಾಗ ಸಾಲದು, ಅಂಗಡಿಯದು ತುಂಬಾ ದುಬಾರಿ, "ತಾತಾ, ಯೂ ಮೇಕ್ ಷೋಕೇಸ್ ಅಲ್ವಾ? ಕೋಪಿಗೆ ಒಂದು ಮನೆ ಮಾಡ್ತೀಯಾ?" ಅಂದಳು. ಮುಂದೆ ಗಾಜಿನ ಬಾಗಿಲು, ಒಳಗೆ ಒಂದು ಕೊಂಬೆ, ನೀರಿನ ಬಟ್ಟಲು, ಶಾಖಕ್ಕೆ ಬಲ್ಬು, ಇಷ್ಟೇ ಅವಳು ಕೇಳಿದ್ದು.

ಇಷ್ಟೇ ಮಾಡಿದ್ದರೆ ಆಗುತ್ತಿತ್ತು. ಆದರೆ ನಲವತ್ತು ವರ್ಷ ಮೈಸೂರಿನ ಅರ್ಧ ಊರಿಗೆ ದಸರಾ ಗೊಂಬೆಯ ಷೋಕೇಸು ಮಾಡಿಕೊಟ್ಟ ಬಡಗಿ ಚಾಮಯ್ಯ ಮೊಮ್ಮಗಳಿಗೆ ಡಬ್ಬ ಮಾಡಿಕೊಡುತ್ತಾನೆಯೇ? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅವಳ ಜೊತೆ ಮರದ ಅಂಗಡಿಗೆ ಹೋದೆ. ಅಂಗಡಿಯ ಚೀನೀ ಯಜಮಾನ ತಮಿಳು ಮಾತಾಡುತ್ತಾನೆ, ನಾನು ಅರೆಬರೆ ತಮಿಳಿನಲ್ಲಿ ಜಗಳವಾಡಿ ಮೆರಾಂತಿ ಮರ ಆರಿಸಿದೆ. ಕೆಂಪು ಮರ, ನಮ್ಮ ತೇಗದಷ್ಟಿಲ್ಲ, ಆದರೂ ಉಳಿಗೆ ಒಗ್ಗುತ್ತದೆ. ಚಟ್ನಿಪುಡಿ ಇಡುವ ಜಾಗದಲ್ಲಿ ಉಳಿ, ಬಾಚಿ ತುಂಬಿಕೊಂಡು ಹೊರಟಿದ್ದಾರೆ ಎಂದು ನೀನು ಬೈದೆಯಲ್ಲ, ಅದೇ ಉಳಿ ಕೆಲಸಕ್ಕೆ ಬಂತು. ಬಾಲ್ಕನಿಯಲ್ಲಿ ಇಬ್ಬರೂ ಕೂತು ಮಾಡಿದೆವು. ಅವಳು ಇಂಟರ್ನೆಟ್ಟಿನಲ್ಲಿ ಓದಿ ಪಾಲಿಶ್ ವಾಸನೆ ಹಾವಿಗೆ ಆಗದು ಅಂದಳು, ಕೇಳಿದೆ, ಬರೀ ಜೇನುಮೇಣ ತಿಕ್ಕಿದೆ. ಗಾಜಿಗೆ ಎರಡು ಬೀಗ ಬೇಕು ಅಂದಳು, ಹಾಕಿದೆ. ಗರಗಸ, ಕೀಸುಳಿ, ಕಚ್ಚು, ಹೊಟ್ಟು, ಒಂದೊಂದೇ ಮಾತು ಕಲಿತಳು. ಮಧ್ಯಾಹ್ನ ಕೆಳಗಿನ ತಮಿಳು ಸಾಬರ ಮಾಮಾಕ್ ಹೋಟೆಲಿನಿಂದ ಪರೋಟ ಪೊಟ್ಟಣ ಕಟ್ಟಿಸಿ, ಇವರ ಮಾತಿನಲ್ಲಿ ತಪಾವ್ ಮಾಡಿಸಿ, ತಂದು ಹೊಟ್ಟಿನ ನಡುವೆಯೇ ತಿನ್ನುತ್ತಿದ್ದೆವು. ಎಷ್ಟು ಮಾತಾಡಿದಳು ಗೊತ್ತಾ! ಕ್ಲಾಸಿನಲ್ಲಿ ಯಾರು ಅವಳನ್ನು ಸ್ನೇಕ್ ಗರ್ಲ್ ಎಂದು ದೂರ ಇಟ್ಟಿದ್ದಾರೆ, ಯಾರು ಇಟ್ಟಿಲ್ಲ, ಎಲ್ಲ ಹೇಳಿದಳು. ನನಗೆ ವಯಸ್ಸು ಇಳಿದ ಹಾಗಾಗಿತ್ತು.

ಅಲ್ಲೇ ಎಡವಿದ್ದು. ಗೊಂಬೆ ಷೋಕೇಸಿಗೆ ನಾನು ಯಾವಾಗಲೂ ಜೋಡಿ ಬೆನ್ನು ಹಾಕುವುದು ನಿನಗೆ ಗೊತ್ತು. ಗೋಡೆಯ ಥಂಡಿ ಗೊಂಬೆಗೆ ತಾಗಬಾರದೆಂದು ಎರಡು ಹಲಗೆ, ನಡುವೆ ಎರಡು ಬೆರಳಿನ ಸಂದು, ಗಾಳಿಯಾಡಲು ಒಳಹಲಗೆಯ ಮೇಲ್ಗಡೆ ಸೀಳು. ಇಲ್ಲೂ ಅದೇ ಮಾಡಿದೆ. ಸೀಳಿಗೆ ಕಮಲದ ದಳ ಬೇರೆ ಕೆತ್ತಿದೆ. ಹುಡುಗಿ ಅದರೊಳಗೆ ಬೆರಳು ಹಾಕಿ ನೋಡಿ, "ತಾತಾ, ಕೋಪಿ ಕ್ಯಾನ್ ಗೋ ಇನ್‌ಸೈಡ್ ಲಾ, ಮುಚ್ಚಿಬಿಡು" ಅಂದಳು. ನಾನು ನಕ್ಕೆ. ಮರ ಉಸಿರಾಡಬೇಕು ಮರಿ, ಹಾವಿಗೇನು ಹುಚ್ಚಾ ಅಷ್ಟು ದೊಡ್ಡ ಮನೆ ಬಿಟ್ಟು ಸಂದಿಗೆ ಹೋಗೋಕೆ ಅಂದೆ. ಹಾವಿಗೆ ಸಂದಿಯೇ ಮನೆ ಅನ್ನುವುದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಕಬ್ಬಿಣದ ಮೊಳೆ ಒಂದೂ ಇಲ್ಲ, ಎಲ್ಲ ಹಲ್ಲಿಗೆ ಹಲ್ಲು ಕೂರಿಸಿದ ಕಚ್ಚು ಕೂಡು, ಬಿದಿರಿನ ಮೊಳೆ, ಅಂಟು. ಆನೆ ಬಂದರೂ ಬಿಚ್ಚಲಾಗದು ಎಂದು ಪ್ರಶಾಂತನ ಮುಂದೆ ಜಂಬ ಕೊಚ್ಚಿಕೊಂಡೆ. ಹಾವನ್ನು ಒಳಗೆ ಬಿಟ್ಟ ದಿನ ಮಯೂರಿ ಕೂಡ ಹೆದರಿಕೆ ಮರೆತು ಫೋಟೋ ತೆಗೆದಳು.

ನಿನ್ನೆ ಬೆಳಿಗ್ಗೆ ನೋಡಿದರೆ ಗಾಜು ಹಾಕಿದ ಹಾಗೇ ಇದೆ, ಎರಡೂ ಬೀಗ ಸರಿಯಾಗಿವೆ, ಹಾವಿಲ್ಲ. ಮನೆಯೆಲ್ಲ ಹುಡುಕಿದೆವು. ಮಯೂರಿ ಸೋಫಾದ ಮೇಲಿಂದ ಕಾಲು ಕೆಳಗಿಡಲಿಲ್ಲ. ಕೊನೆಗೆ ಇಂಚರಳೇ ಷೋಕೇಸಿನ ಹಿಂದೆ ಕಿವಿಯಿಟ್ಟು ಕೈಸನ್ನೆ ಮಾಡಿದಳು. ನಾನೂ ಕಿವಿಯಿಟ್ಟೆ. ಸರಸರ ಅನ್ನುತ್ತಿತ್ತು, ಕೆಳಗಡೆ, ಎರಡು ಹಲಗೆಗಳ ನಡುವೆ. ಪ್ರಶಾಂತ ಅಲ್ಲೇ ಫೋನು ತೆಗೆದ. ಇಲ್ಲಿ ಹಾವು ಹಿಡಿಯಲು ಬೊಂಬಾ ಅಂತ ಬೆಂಕಿ ಆರಿಸುವವರನ್ನೇ ಕರೆಯುವುದು. ಅವರು ಬಂದರೆ ಏನು ಮಾಡುತ್ತಾರೆ ಎಂದು ಕೇಳಿದೆ. "ಒಡೀತಾರಪ್ಪ, ಇನ್ನೇನ್ ಮಾಡ್ತಾರೆ" ಅಂದ. ನನಗೆ ಎಲ್ಲಿತ್ತೋ ಸಿಟ್ಟು. ನಾನು ಮಾಡಿದ ಷೋಕೇಸಿಗೆ ಯಾರೋ ಬಂದು ಕೊಡಲಿ ಹಾಕುವುದಾ? ಹೋದ ದಾರಿಯಲ್ಲೇ ಬರುತ್ತದೆ, ಹಸಿವಾದರೆ ಬರದೆ ಎಲ್ಲಿಗೆ ಹೋಗುತ್ತದೆ ಎಂದು ಕೂಗಾಡಿದೆ. ಅವನೂ ಮಯೂರಿಯೂ ಆಫೀಸಿಗೆ ಹೊರಟರು, ಶಾಲೆಗೆ ರಜ ಇದ್ದದ್ದರಿಂದ ಹುಡುಗಿ ಮನೆಯಲ್ಲೇ ಉಳಿದಳು. ನನ್ನ ಕೋಪ ಕಂಡರೆ ಪ್ರಶಾಂತ ಈಗಲೂ ತಲೆ ತಗ್ಗಿಸುತ್ತಾನೆ, ಅದು ಒಳ್ಳೆಯದಲ್ಲ ಅನ್ನಿಸುತ್ತಿದೆ.

ಸೀಳಿನ ಬಾಯಿಯಲ್ಲಿ ಕೋಪಿಯ ಊಟಕ್ಕೆಂದು ಫ್ರಿಜ್ಜಿನಲ್ಲಿಟ್ಟಿದ್ದ ಸತ್ತ ಇಲಿ ಇಟ್ಟೆವು, ಬಲ್ಬು ಹತ್ತಿರ ಹಿಡಿದೆವು. ಬರಲಿಲ್ಲ. ಸಂಜೆ ಹುಡುಗಿ "ತಾತಾ, ಒಡಿ, ಪ್ಲೀಸ್" ಅಂದಳು. ನಾಳೆ ನೋಡೋಣ ಅಂದೆ. ಮತ್ತೆ ಕೇಳಿದಳು. ನಾನು ಏನಂದೆ ಗೊತ್ತಾ? ಒಂದು ಹಾವಿಗೋಸ್ಕರ ನನ್ನ ಕೆಲಸ ಒಡೆಯಬೇಕಾ, ಇಂಥದ್ದು ಇನ್ನೊಂದು ಮಾಡೋಕೆ ನನಗೇನು ಆಯಸ್ಸು ಮಿಕ್ಕಿದೆಯಾ ಅಂದುಬಿಟ್ಟೆ. ಸುಳ್ಳಲ್ಲ, ಕೈ ನಡುಗುತ್ತದೆ, ಇದು ನನ್ನ ಕೊನೆಯದು ಎಂದು ಮಾಡುವಾಗಲೇ ಗೊತ್ತಿತ್ತು. ಆದರೆ ಆ ಮಾತನ್ನು ಹೇಳಬೇಕಾದದ್ದು ಅವಳಿಗಲ್ಲ. ಅವಳು ನನ್ನ ಮುಖ ನೋಡಿ "ಓಕೆ" ಅಂದಳು. ಲಾ ಕೂಡ ಇಲ್ಲ, ತಾತ ಕೂಡ ಇಲ್ಲ. ದಿಂಬು ತಂದುಕೊಂಡು ಷೋಕೇಸಿನ ಪಕ್ಕ ನೆಲದ ಮೇಲೆ ಮಲಗಿದಳು.

ಇವತ್ತು ಬೆಳಿಗ್ಗೆಯಿಂದ ಒಳಗೆ ಸದ್ದಿಲ್ಲ. ತಟ್ಟಿದೆ, ಇಲ್ಲ. ಆಗ ನನಗೆ ಹೊಳೆದದ್ದು, ಕೆಳಗಿನ ಪಟ್ಟಿ ಕೂಡಿಸುವಾಗ ಅಂಟು ಧಾರಾಳವಾಗಿ ಹಾಕಿದ್ದೆ, ಗಟ್ಟಿಯಾಗಿರಲಿ ಎಂದು. ಒಳಕ್ಕೆ ಒಸರಿದ್ದು ಆ ಗಾಳಿಯಿಲ್ಲದ ಮೂಲೆಯಲ್ಲಿ ಒಣಗಿರುವುದಿಲ್ಲ. ಹಾವು ಇಳಿದದ್ದೂ ಅಲ್ಲಿಗೇ. ಗರಗಸ ಹಾಕೋಣವೆಂದರೆ ಅದು ಎಲ್ಲಿದೆಯೋ ತಿಳಿಯದು, ಸುತ್ತಿಗೆಯಲ್ಲಿ ಹೊಡೆದರೆ ಮೈಯೆಲ್ಲ ಬೆನ್ನೆಲುಬಿರುವ ಜೀವ ಅದು. ಇರುವುದೊಂದೇ ದಾರಿ, ಬಿದಿರಿನ ಮೊಳೆ ಕೊರೆದು ತೆಗೆದು, ಅಂಟು ಮೆತ್ತಗೆ ಮಾಡಿ, ಎಡಪಕ್ಕದ ಹಲಗೆಯನ್ನು ಕಚ್ಚಿನಿಂದ ಬಿಡಿಸುವುದು. ಮೊಳೆಗಳನ್ನು ತೆಗೆದಾಯಿತು. ಒಂದೊಂದು ತೆಗೆಯುವಾಗಲೂ ನನ್ನ ಹಲ್ಲು ಕೀಳುವ ಹಾಗಾಗುತ್ತಿತ್ತು. ಹುಡುಗಿ ಕೆಟಲಿನಲ್ಲಿ ನೀರು ಕಾಸಿ ಕಾಸಿ ತರುತ್ತಿದ್ದಾಳೆ, ಕೈ ಕೆಂಪಾಗಿದೆ, ಬಿಡು ನಾನು ಮಾಡುತ್ತೇನೆ ಅಂದರೆ ಕೊಡುತ್ತಿಲ್ಲ.

ಈಗ ಎದ್ದು ಹೋಗಿ ನೋಡಿ ಬಂದೆ. ಮೇಲಿನ ಕೂಡಿನಲ್ಲಿ ಉಗುರು ಇಳಿಯುತ್ತಿದೆ, ಕೆಳಗಿನದು ಇನ್ನೂ ಬಿಗಿಯಾಗಿದೆ. ಅವಳು ಹಲಗೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಕೂತಿದ್ದಾಳೆ. ಏನಾದರೂ ಕೇಳಿಸಿತಾ ಮರಿ ಅಂದೆ, ಕಿವಿಯನ್ನು ಹಲಗೆಗೆ ಇನ್ನಷ್ಟು ಒತ್ತಿಕೊಂಡಳು. ನನಗೆ ಹೆದರಿಕೆಯಾಗುತ್ತಿದೆ. ಸತ್ತಿದ್ದರೆ ಏನು ಮಾಡಲಿ? ನಿನ್ನೆ ಸಂಜೆ ಅವಳು ಕೇಳಿದಾಗಲೇ ಎದ್ದಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು, ಹಾವು ಅವಳ ತೋಳಿಗೆ ಸುತ್ತಿಕೊಂಡಿರುತ್ತಿತ್ತು. ನಾಳೆ ಅಂದೆನಲ್ಲ, ಆ ಒಂದು ರಾತ್ರಿ ಮರ ಕಾಯುವುದಕ್ಕೆ ಹೋಯಿತು. ನೀನಿಲ್ಲಿ ಇದ್ದಿದ್ದರೆ ಸೌಟು ಹಿಡಿದು ಬಂದು, ರೀ, ನಿಮ್ಮ ಹಲಗೆಗೆ ಬೆಂಕಿ ಹಾಕಲಿ, ಮಗು ಅಳ್ತಾ ಇದೆ ಅನ್ನುತ್ತಿದ್ದೆ. ನಾನು ಆಗಲೇ ಏಳುತ್ತಿದ್ದೆ. ಇಲ್ಲಿ ನನಗೆ ಬೈಯುವವರು ಯಾರೂ ಇಲ್ಲ.

ಕರೆಯುತ್ತಿದ್ದಾಳೆ. ಹೆಸರು ಹಿಡಿದಲ್ಲ, ಕೆಟಲನ್ನು ನೆಲಕ್ಕೆ ಕುಕ್ಕಿ. ಹೋಗುತ್ತೇನೆ. ಬೀಗರಿಗೆ ನಮಸ್ಕಾರ ಹೇಳು, ಲಕ್ಷ್ಮಿಗೂ ಅಳಿಯನಿಗೂ ಆಶೀರ್ವಾದ, ಮಗುವಿನ ಅಂಗಾಲಿಗೆ ಒಂದು ಮುತ್ತು. ನಿನ್ನ ಮಂಡಿಗೆ ಎಣ್ಣೆ ಮರೆಯಬೇಡ. ಚಾಮುಂಡಿ ತಾಯಿ ಆ ಹುಳುವನ್ನೂ ಕಾಪಾಡಲಿ, ನಮ್ಮನ್ನೂ ಕಾಪಾಡಲಿ.

ನಿನ್ನವನೇ ಆದ,
ಚಾಮಯ್ಯ

ವಿ.ಸೂ.: ಬದುಕಿದೆ ಕಣೆ! ಕೈಗೆಲ್ಲ ಎಣ್ಣೆ, ಹಾಳೆ ಜಿಡ್ಡಾಗಿದ್ದರೆ ಬೈಯಬೇಡ, ಮನೀಷ್ ಕೆಳಗೆ ಬಂದು ಕಾಯುತ್ತಿದ್ದಾನೆ. ಹಲಗೆ ಎಳೆದಾಗ ಕಚ್ಚಿನ ಹಲ್ಲುಗಳೆಲ್ಲ ಲಟಲಟ ಮುರಿದವು, ಮುರಿದುಕೊಳ್ಳಲಿ. ಅಂಟಿಗೆ ಹೊಟ್ಟೆ ಹತ್ತಿಕೊಂಡು ಅಲ್ಲಾಡದೆ ಬಿದ್ದಿತ್ತು. ಇಂಚರ ಕೊಬ್ಬರಿ ಎಣ್ಣೆ ಸವರಿ ಸವರಿ ಬಿಡಿಸಿದಳು, ಅದರ ಜೊತೆ ಏನೇನೋ ಮಾತಾಡುತ್ತ. ಒಂದು ಕಡೆ ಚರ್ಮ ಕಿತ್ತು ರಕ್ತ ಬಂದಿದೆ. ಮಯೂರಿ ಆಫೀಸಿನಿಂದ ಓಡಿಬಂದು ಅವಳನ್ನೂ ಹಾವನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೊರಡುವಾಗ ಹುಡುಗಿ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, "ನೆಕ್ಸ್ಟ್ ಟೈಮ್ ಕಾಯ್ಬೇಡ ತಾತ" ಅಂದಳು. ಅಷ್ಟೇ ಅಂದದ್ದು. ಆದರೆ ಮುಂದಿನ ಸಲ ಅಂದಳು ರತ್ನ, ತಾತ ಅಂತಲೂ ಅಂದಳು. ಇಲ್ಲಿ ಹೀಗೆ ಹಲಗೆ ಹರಡಿಕೊಂಡು ಬಿದ್ದಿರುವಾಗ ನಾನು ಹೊರಟು ಬರಲಾರೆ. ಭಾನುವಾರದ ಟಿಕೆಟ್ಟು ಮುಂದಕ್ಕೆ ಹಾಕು ಎಂದು ಪ್ರಶಾಂತನಿಗೆ ಹೇಳಿಬಿಟ್ಟೆ. ನಾಮಕರಣಕ್ಕೆ ನಾನಿರುವುದಿಲ್ಲ. ಲಕ್ಷ್ಮಿ ಅಳುತ್ತಾಳೆ, ಅವಳಿಗೆ ನೀನೇ ಸಮಾಧಾನ ಹೇಳಬೇಕು. ತೊಟ್ಟಿಲ ಹತ್ತಿರ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ, ನನ್ನ ಪಾಲಿನದನ್ನೂ ಒಂದು ಸಲ ನೀನೇ ಹೇಳಿಬಿಡು.