ತಿಥಿಯ ಎಡೆಗೆ ಸಾಸಿವೆ

೪–೨–೧೯೪೨. ಬೆಳಿಗ್ಗೆ ಏಳು.
ಕೊಟ್ಟಿಗೆ ಗುಡಿಸಿದೆ. ಮುದ್ದೆ, ಸಪ್ಪೆ ಸಾರು. ಸೂತಕದ ಮನೆ, ಒಗ್ಗರಣೆ ಹಾಕುವ ಹಾಗಿಲ್ಲ. ಒಪ್ಪಿದೆ. ಆದರೆ ನನ್ನಕ್ಕ ಚಿಕ್ಕಮಾದಮ್ಮ ಮಾಡಿದ್ದನ್ನು ಒಪ್ಪಲಾರೆ. ನನ್ನ ಹೆಂಡತಿ ಸೋಮಮ್ಮ ಕಾಯಿಲೆ ಬೀಳುವ ಮೊದಲು ಅರೆದಿಟ್ಟ ಸಾಸಿವೆ ಭರಣಿಯಲ್ಲಿ ಅರ್ಧ ಇತ್ತು. ಅಷ್ಟನ್ನೂ ತಿಪ್ಪೆಗೆ ಸುರಿದಳು!

“ಸೂತ್ಕದಲ್ಲಿ ಸಾಸ್ವೆ ಮಡಿಕತ್ತಾರೇನ್ಲಾ ತಿಮ್ಮ?”

ಎಣ್ಣೆಯಲ್ಲಿ ಸಿಡಿಸಬಾರದು ಅಂದರೆ ಅರೆದಿಟ್ಟದ್ದನ್ನೂ ಎಸೆಯಬೇಕೇ? ಯಾವ ಊರ ಶಾಸ್ತ್ರ? ಹೆಂಡತಿ ಕೈಯಿಂದ ಆದದ್ದು ಈ ಮನೆಯಲ್ಲಿ ಅದೊಂದೇ ಉಳಿದಿತ್ತು.

೮–೨–೧೯೪೨. ಸಂಜೆ.
ಪೆಟ್ರೋಲಿಲ್ಲದೆ ಇದ್ದಿಲಲ್ಲೇ ಓಡುವ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ ಸಣ್ಣ ಸಾಸಿವೆ ತಂದೆ. ತೊಳೆದು ನೆರಳಲ್ಲಿ ಹರವಿದೆ. ತಿಥಿಯ ದಿನ ಸೋಮಮ್ಮನ ಎಡೆಗೆ ಇಡಲೇಬೇಕು. ಎಡೆ ಅಂದರೆ ಸತ್ತವರ ಇಷ್ಟದ್ದಲ್ಲವೇ? ಮಳವಳ್ಳಿಯ ಅವಳ ಅಜ್ಜಿ ಹೇಳಿಕೊಟ್ಟ ಕ್ರಮ — ತಣ್ಣೀರಲ್ಲೇ ಅರೆಯುವುದು (ಬಿಸಿ ತಗುಲಿದರೆ ಘಾಟು ಏಳದು), ಮುಚ್ಚಿಡುವುದು, ಘಾಟು ಮೂಗಿಗೇರಿದ ಮೇಲೇ ಉಪ್ಪು, ಹುಣಸೆರಸ, ಚೂರು ಬೆಲ್ಲ.

ಅಕ್ಕ ನಕ್ಕಳು. “ಗಂಡ್ಸು ಒಳ್ಕಲ್ಲ ಮುಂದೆ ಕುಂತ್ಕತ್ತಾನಂತೆ. ಸೀರೆ ಕೊಡ್ಲಾ?”

ನಗಲಿ.

೧೦–೨–೧೯೪೨. ಸಂಜೆ ಐದೂವರೆ.
ಈಗಷ್ಟೇ ಅರೆದು, ಮುಚ್ಚಿಟ್ಟು, ದನ ಕಟ್ಟಲು ಹೋಗಿದ್ದೆ. ಬರುವಷ್ಟರಲ್ಲಿ ಅಕ್ಕ ಅದಕ್ಕೆ ಕುದಿಯುವ ನೀರು ಸುರಿದಿದ್ದಾಳೆ!

“ಹಸೀ ವಾಸ್ನೆ ಓಗ್ಲಿ ಅಂತ ಕಣ್ಲಾ.”

ನಾಲಗೆಗೆ ಇಟ್ಟು ನೋಡಿದೆ. ಬರೀ ಕಹಿ. ಘಾಟೇ ಇಲ್ಲ. ಕೂಗಾಡಿಬಿಟ್ಟೆ. “ಬರಣಿ ಚೆಲ್ದೆ, ಇದ್ನೂ ಕೆಡುಸ್ದೆ! ಅವ್ಳುದು ಅಂತ ಏನೂ ಉಳೀಬಾರ್ದಾ ನಿಂಗೆ?”

ತಿಥಿಗೆಂದು ಬಂದು ಜಗಲಿಯಲ್ಲಿದ್ದ ನೆಂಟರೆಲ್ಲ ಎದ್ದು ಒಳಗೆ ಬಂದರು. ಅವರೆಲ್ಲರ ಮುಂದೆ ಅಕ್ಕ ಅಂದಳು: “ಎಂಡ್ತಿ ಸತ್ತಾಗ ಬಾಯೇ ಬುಡ್ದೆ ಇದ್ದೋನು, ಸಾಸ್ವೆಗೆ ಅರಚ್ಕತ್ತೀಯಲ್ಲೋ!”

ಅರಚಿಕೊಳ್ಳುತ್ತೇನೆ. ಯಾವುದಕ್ಕೆ ಅರಚಬೇಕು ಅಂತ ಇವಳ ಅಪ್ಪಣೆ ಕೇಳಬೇಕೇ?

ಅದೇ ದಿನ. ಏಳೂವರೆ.
ಒಂದು ಹಿಡಿ ಸಾಸಿವೆ ಉಳಿದಿತ್ತು. ಬಾಗಿಲು ಹಾಕಿಕೊಂಡು ಅರೆದೆ. ಮುಚ್ಚಿಟ್ಟು ಪಕ್ಕದಲ್ಲೇ ಕೂತೆ — ಕದಲಲಿಲ್ಲ. ಮುಚ್ಚಳ ತೆಗೆದಾಗ ಘಾಟು ನೆತ್ತಿಗೇರಿತು. ನಡುಮನೆಯಲ್ಲಿ ಅಕ್ಕ ಸೀನಿದಳು. ಮತ್ತೆ ಸೀನಿದಳು.

“ಈಗ ಸರ್‍ಯಾಯ್ತೇನ್ಲಾ?” ಅಂದಳು, ಬಾಗಿಲಾಚೆಯಿಂದ. ಮೆತ್ತಗೆ.

ಉಪ್ಪು, ಹುಣಸೆರಸ, ಚೂರು ಬೆಲ್ಲ ಹಾಕಿ ಕಲಸಿದೆ. ರುಚಿ ಸರಿಯಾಗಿದೆ. ಆದರೂ ಇದು ನಾನು ಅರೆದದ್ದು. ಸೋಮಮ್ಮ ಅರೆದದ್ದು ತಿಪ್ಪೆಯಲ್ಲಿ…

ನಾಳೆ ತಿಥಿ. ಕ್ಷೌರದವನು ಆರಕ್ಕೇ ಬರುತ್ತಾನೆ.