ವಿಂಚಿನ ಹಿಡಿಯ ಮೇಲೆ ಯಾರ ಕೈ

ಬೈತಖೋಲ, ಕಾರವಾರ
ಮಂಗಳವಾರ, ೧೨ ನವೆಂಬರ್ ೨೦೨೪

ಪ್ರೀತಿಯ ಉಮಕ್ಕಾ,

ಹೇಗಿದ್ದೀ? ನಿಶಾಳ ಹೊಟ್ಟೆನೋವು ಕಡಿಮೆಯಾಯಿತೇ? ಮಂಗಳೂರಿನ ಆಸ್ಪತ್ರೆಯಲ್ಲಿ ನಿನಗೆ ನಿದ್ದೆ ಬರುತ್ತದೆಯೇ? ನನ್ನ ಫೋನ್ ನೀನು ಎತ್ತುವುದಿಲ್ಲ, ಅದಕ್ಕೇ ಪತ್ರ. ಆಯಿ ಆರಾಮ ಇದ್ದಾಳೆ. ನಿಶಾ ನನ್ನ ಕರಪತ್ರಗಳಿಂದ ಮಡಚಿಟ್ಟ ದೋಣಿಗಳು ಕಿಟಕಿಯಲ್ಲಿ ಸಾಲಾಗಿ ನಿಂತಿವೆ. ಕಸ ಹೊಡೆಯುವಾಗಲೂ ಆಯಿ ಅವನ್ನು ಕದಲಿಸುವುದಿಲ್ಲ. ಸಂಜೆ ಬೋಟುಗಳು ಬರುವಾಗ ಹೆಗಲ ಮೇಲೆ ನಿಶಾಳ ಭಾರ ಇಲ್ಲದೆ ನನಗೆ ಬಂದರಿನ ಧಕ್ಕೆಗೆ ಹೋಗಲು ಮನಸ್ಸಾಗುವುದಿಲ್ಲ.

ತಪ್ಪು ನನ್ನದು. ಬಂದರಿಗೆ ಯಂತ್ರ ಬಂದು ಹಮಾಲರ ಕೆಲಸ ಹೋದದ್ದನ್ನು ಕಂಡವನು ನಾನು. ರೋಬೋಟ್ ಶಸ್ತ್ರಚಿಕಿತ್ಸೆಯೂ ಅದೇ ಲೂಟಿ ಎಂದುಕೊಂಡು, ‘ಮಗುವಿನ ಮೈಗೆ ಯಂತ್ರದ ಕೈ ಬೇಡ’ ಎಂದು ಅಚ್ಚು ಹಾಕಿಸಿ ಮೀನಿನ ಹರಾಜಿನಲ್ಲಿ ಹಂಚಿದೆ. ಅದನ್ನು ಓದಿ ಭಾವ ಸ್ವಂತ ಮಗಳ ರೋಬೋಟ್ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದೆ ಬೇಲೆಕೇರಿಗೆ ಮರಳಿಬಿಡುತ್ತಾರೆ ಎಂದು ಎಣಿಸಿರಲಿಲ್ಲ. ನೀನೊಬ್ಬಳೇ ಸಹಿ ಹಾಕಿದರೂ ಸಾಕಂತೆ, ಆದರೆ ಅವರಿಲ್ಲದೆ ಕೈ ಏಳುವುದಿಲ್ಲ ಎಂದು ನೀನು ಫೋನಿನಲ್ಲಿ ಆಯಿಯ ಹತ್ತಿರ ಅತ್ತಿದ್ದೀಯಂತೆ. ಗುರುವಾರದ ಶಸ್ತ್ರಚಿಕಿತ್ಸೆ ತಪ್ಪಿದರೆ ಮತ್ತೆ ಯಾವಾಗಲೋ. ಅಷ್ಟರಲ್ಲಿ ಆ ಪುಟ್ಟ ಮೂತ್ರಪಿಂಡ ಇನ್ನೆಷ್ಟು ಊದಬೇಕು?

ನೀನು ಬಿಟ್ಟುಹೋದ ಆಸ್ಪತ್ರೆಯ ಪುಸ್ತಿಕೆಯನ್ನು ನಾಲ್ಕು ಸಲ ಓದಿದೆ. ಮೊದಲೇ ಓದಬೇಕಿತ್ತು. ಭಾನುವಾರ ಬೇಲೆಕೇರಿಗೆ ಹೋದೆ. ಭಾವ ಬಲೆ ರಿಪೇರಿ ಮಾಡುತ್ತಿದ್ದರು. ಹೊಟ್ಟೆಗೆ ಮೂರ್ನಾಲ್ಕು ಸಣ್ಣ ತೂತು, ಅದೇ ಕೋಣೆಯಲ್ಲಿ ಕುಳಿತ ಡಾಕ್ಟರೇ ಯಂತ್ರದ ಕೈ ನಡೆಸುವುದು, ಇಕ್ಕಟ್ಟಾದ ಮೂತ್ರನಾಳವನ್ನು ಕತ್ತರಿಸಿ ಮತ್ತೆ ಜೋಡಿಸುವುದು, ಬೇಗ ಮನೆಗೆ ಬರುವುದು, ಎಲ್ಲ ಹೇಳಿದೆ. ಅವರು ತಲೆ ಎತ್ತಲಿಲ್ಲ.

“ಮೀನು ತಕಳ್ಳುಕಾದ್ರೂ ಮುಟ್ಟಿ ನೋಡ್ತೇವೆ. ದೂರ ಕುಂತವ ನನ್ನ ಮಗಳನ್ನ ಕೊಯ್ಯುದು ಎಂತ ಮಾರಾಯ? ನೀನೇ ಬರ್ದದ್ದಲ್ಲ?”

“ನಾನೇ ಬರ್ದದ್ದು, ತಪ್ಪು ಬರ್ದದ್ದು. ನಿಮ್ಮ ಬೋಟಲ್ಲಿ ಬಲೆ ಎಳಿಯುದೂ ಯಂತ್ರವೇ, ವಿಂಚು. ಅದ್ರ ಹಿಡಿ ಮೇಲೆ ಯಾರ ಕೈ ಇರ್ತದೆ ಭಾವಾ?”

ಭಾವ ಎದ್ದರು. ಬಲೆ ಮಡಚಿ ಒಳಗೆ ಹೋದರು.

ನನ್ನ ಹೋರಾಟ ಬಿಟ್ಟೆ ಎಂದುಕೊಳ್ಳಬೇಡ. ಆ ಯಂತ್ರ, ಅದನ್ನು ನಡೆಸುವ ಡಾಕ್ಟರು ನಮ್ಮ ಜಿಲ್ಲೆಯಲ್ಲೇ ಯಾಕಿಲ್ಲ? ಮುಂದಿನ ಕರಪತ್ರ ಅದೇ. ಈ ಸಲ ಓದಿ ಬರೆಯುತ್ತೇನೆ. ದೋಣಿ ಮಾಡಲು ಮೊದಲ ಕಟ್ಟು ನಿಶಾಳಿಗೆ.

ಆಯಿಯ ಆಶೀರ್ವಾದ ನಿಮ್ಮಿಬ್ಬರ ತಲೆಯ ಮೇಲಿರಲಿ.

ನಿನ್ನ ತಮ್ಮ,
ಸೂರಜ್

ಅವಸರದಲ್ಲಿ: ಈ ಪತ್ರ ಅಂಚೆಯಲ್ಲಿ ಬಂದದ್ದಲ್ಲ, ಭಾವನ ಕೈಗೆ ಕೊಟ್ಟದ್ದು; ನರ್ಸಿನ ಹತ್ತಿರ ಒಳಗೆ ಕಳಿಸಲು ಹೇಳಿದ್ದೇನೆ. ಬುಧವಾರ ಬೆಳಿಗ್ಗೆ ಅವರು ಬಂದು ಬಾಗಿಲಲ್ಲಿ ನಿಂತು ಮಂಗಳೂರಿನ ರೈಲು ಎಷ್ಟು ಗಂಟೆಗೆ ಎಂದಷ್ಟೇ ಕೇಳಿದರು. ನಿನಗೆ ಮುಖ ತೋರಿಸಲು ನಾಚಿಕೊಂಡು ವಾರ್ಡಿನ ಹೊರಗೇ ನಿಂತಿರುತ್ತಾರೆ. ಪೆನ್ನು ಅವರ ಕಿಸೆಯಲ್ಲಿದೆ. ಒಳಗೆ ಕರೆ.