ಟ್ಯಾಂಕಿನ ಮೇಲಿನ ಹೆಸರು

ಭಾನುವಾರ, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು ಎಂದು ನಿಮಗೆ ಗೊತ್ತೇ ಇದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ, ನಗಬೇಡಿ. ಸೈಲೆನ್ಸರ್ ಎನ್ನುವ ಪದವನ್ನು ಅಂಗಡಿಯ ಬೋರ್ಡು ನೋಡಿ ಬರೆದುಕೊಂಡು ಬಂದಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ನೀವು ‘ಏನು’ ಅಂದ ಕೂಡಲೇ ನಾನು ಹೇಳಬೇಕಾದದ್ದು ಬಿಟ್ಟು ಬೇರೇನೋ ತೊದಲುತ್ತೇನೆ. ಆಮೇಲೆ ‘ಬಾಯಲ್ಲಿ ಹತ್ತಿ ತುರ್ಕೊಂಡಿದ್ದೀಯಾ’ ಅನ್ನುತ್ತೀರಿ.

ನಮ್ಮ ಸುದ್ದಿ ಇರಲಿ, ಗಾಡಿಯ ಸುದ್ದಿ ಹೇಳುತ್ತೇನೆ. ನೀವು ಜಗಳ ಮಾಡಿಕೊಂಡು ನಿಮ್ಮ ಸ್ನೇಹಿತನ ಊರಿಗೆ ಹೋದ ಮೇಲೆ ನಿಮ್ಮ ಬೈಕಿನಲ್ಲಿ ಬೇಕರಿಯ ಬ್ರೆಡ್ಡನ್ನು ಅಂಗಡಿಗಳಿಗೆ ಹಾಕುವ ಕೆಲಸ ನಾನೇ ಮಾಡುತ್ತಿದ್ದೇನೆ. ಈಗ ಸೈಲೆನ್ಸರ್ ಕೆಳಗೆ ತುಕ್ಕು ಹಿಡಿದು, ಬೆರಳು ಹೋಗುವಷ್ಟು ತೂತಾಗಿದೆ. ಸ್ಟಾರ್ಟು ಮಾಡಿದರೆ ಇಡೀ ಬೀದಿ ಎದ್ದು ಕೂರುತ್ತದೆ. ಕೆಳಗಿನ ಮನೆಯಲ್ಲಿ ಮಾಲೀಕರ ತಾಯಿಗೆ ಎದೆನೋವು. ಮಾಲೀಕರ ಹೆಂಡತಿ ಮೆಟ್ಟಿಲಲ್ಲಿ ತಡೆದು, ‘ನಿನ್ನ ಗಂಡ ಜಗಳ ಮಾಡುವಾಗ್ಲೂ ಇಷ್ಟು ಸದ್ದಿರ್ಲಿಲ್ಲ ಕಣೆ. ಈ ವಾರ ಸರಿ ಮಾಡ್ಸು, ಇಲ್ಲಾಂದ್ರೆ ಬೇರೆ ಮನೆ ನೋಡ್ಕೊ’ ಅಂದರು. ಅಂದಿನಿಂದ ಗಾಡಿಯನ್ನು ಬೀದಿ ಕೊನೆಯವರೆಗೆ ತಳ್ಳಿಕೊಂಡೇ ಹೋಗುತ್ತೇನೆ. ಪುಟ್ಟಿ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಳ್ಳುತ್ತಾಳೆ. ತಾನು ತಳ್ಳುತ್ತಿದ್ದೇನೆ ಎಂದು ಅವಳ ಲೆಕ್ಕ, ನಿಜಕ್ಕೂ ಜೋತುಬಿದ್ದಿರುತ್ತಾಳೆ.

ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಗಾಡಿಯ ಟ್ಯಾಂಕಿನ ಮೇಲಿರುವ ಹೆಸರು ಹೇಳಿ ಸೈಲೆನ್ಸರ್ ಕೇಳಿದೆ. ಅವರು ಕೊಟ್ಟದ್ದನ್ನು ಮೂಲೆ ಗ್ಯಾರೇಜಿಗೆ ಒಯ್ದರೆ, ಪೈಪಿನ ತೂತಿಗೂ ಎಂಜಿನ್ನಿನ ಬೋಲ್ಟಿಗೂ ಅಜಗಜಾಂತರ. ವಾಪಸು ಕೊಡಲು ಹೋದರೆ ಗೀರು ಬಿದ್ದಿದೆ, ದುಡ್ಡು ವಾಪಸಿಲ್ಲ ಅಂದರು. ಅದರ ಬದಲು ಗಿಡ್ಡನೆಯದೊಂದನ್ನು ಒಪ್ಪಿಸಿ ಕಳಿಸಿದರು. ‘ಎಲ್ಲಾ ಗಾಡಿಗೂ ಆಗತ್ತೆ ತಗೊಳ್ಳಿ’ ಎಂದು ಬೇರೆ. ಅದು ಹೇಗೋ ಕೂತಿತು, ಆದರೆ ತೂತಾದದ್ದಕ್ಕಿಂತ ಜಾಸ್ತಿ ಅಬ್ಬರಿಸಿತು. ಅದನ್ನೂ ಬಿಚ್ಚಿಸಿ, ಹಳೆಯದನ್ನೇ ಹಾಕಿಸಿದೆ.

ಆಗ ಗ್ಯಾರೇಜಿನವರು ಬಗ್ಗಿ ನೋಡಿ ನಕ್ಕುಬಿಟ್ಟರು. ‘ತಂಗಿ, ಇದರ ತಲೆ ಒಬ್ಬಂದು, ಹೊಟ್ಟೆ ಇನ್ನೊಬ್ಬಂದು. ಯಾವ ಪುಣ್ಯಾತ್ಮ ಕೂರಿಸಿದ್ದು ಈ ಎಂಜಿನ್ನು?’ ಅಂದರು. ನಮ್ಮನೆಯವರು ಅಂದೆ. ‘ಹಾಗಿದ್ರೆ ಅವರನ್ನೇ ಕೇಳಿ, ಇಲ್ಲಾ ಕರ್ಕೊಂಡ್ಬನ್ನಿ’ ಅಂದರು. ಕೆಲಸದ ಮೇಲೆ ಹೋಗಿದ್ದಾರೆ ಎಂದೆ. ಅಲ್ಲೇ ಏನೋ ಕೆಲಸಕ್ಕೆ ಸೇರಿದ್ದೀರಂತಲ್ಲ, ಅದು ಪೂರ್ತಿ ಸುಳ್ಳಲ್ಲ.

ಹೋದ ವರ್ಷ ನೀವು ‘ಎಂಜಿನ್ ಮಾಡಿಸ್ದೆ’ ಎಂದು ಹೇಳಿದಿರಿ. ಮಾಡಿಸಿದ್ದು ಎಂದರೆ ರಿಪೇರಿ ಎಂದುಕೊಂಡೆ. ಗುಜರಿಯಿಂದ ಬೇರೆ ಗಾಡಿಯ ಎಂಜಿನ್ನೇ ತಂದು ಕೂರಿಸಿದ್ದೀರಿ ಎಂದು ನನಗೇನು ಗೊತ್ತು? ನಿಮ್ಮ ಮನಸ್ಸಿನ ಹಾಗೆಯೇ ಗಾಡಿಯೂ, ಮೇಲೊಂದು, ಒಳಗೊಂದು. ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಊರವರೆದುರು ಪೆದ್ದಿಯ ಹಾಗೆ ನಿಂತದ್ದು ನಾನು.

ಅದು ಯಾವ ಗಾಡಿಯ ಎಂಜಿನ್ನು ಎಂದು ಬರೆಯಿರಿ. ಅಷ್ಟೇ ಸಾಕು, ಬೇರೇನೂ ಬರೆಯಬೇಡಿ. ನೀವು ಬರುವ ಅವಶ್ಯಕತೆಯೂ ಇಲ್ಲ. ಪುಟ್ಟಿ ಕೇಳುತ್ತಿರುತ್ತಾಳೆ, ಏನೋ ಹೇಳಿ ಸುಮ್ಮನಿರಿಸುತ್ತೇನೆ. ನಾನೇನೂ ಕೇಳುವುದಿಲ್ಲ.

ಇಂತಿ,
ಪುಟ್ಟಿಯ ಅಮ್ಮ

ತಾ.ಕ.: ಇದನ್ನು ಸೋಮವಾರ ಬರೆಯುತ್ತಿದ್ದೇನೆ. ಬೆಳಿಗ್ಗೆ ಸೀಮೆಎಣ್ಣೆ ಬಟ್ಟೆಯಿಂದ ಎಂಜಿನ್ನಿನ ಜಿಡ್ಡು, ಮಸಿ ಒರೆಸುತ್ತಿದ್ದಾಗ ಕೆಳಗಡೆ ಕೆತ್ತಿದ್ದ ನಂಬರು ಕಂಡಿತು. ಅಂಗೈ ಮೇಲೆ ಬರೆದುಕೊಂಡು ಹೋಗಿ, ಬಾಯಿಬಿಡದೆ ಅಂಗಡಿಯವರ ಮುಂದೆ ಕೈ ಚಾಚಿದೆ. ‘ನಾನೇನು ಭವಿಷ್ಯ ಹೇಳ್ತೀನಾಮ್ಮ’ ಎಂದು ನಕ್ಕರೂ, ನಂಬರು ನೋಡಿ ಸರಿಯಾದದ್ದನ್ನೇ ಒಳಗಿನಿಂದ ತಂದರು. ಬೋಲ್ಟಿಗೆ ಬೋಲ್ಟು ಕೂತಿತು. ಮನೆ ಬಾಗಿಲಲ್ಲೇ ಸ್ಟಾರ್ಟು ಮಾಡಿ ನೋಡಿದೆ, ಮಾಲೀಕರ ಹೆಂಡತಿ ಕಿಟಕಿಯನ್ನೂ ತೆಗೆಯಲಿಲ್ಲ. ಹಾಗಾಗಿ ನೀವು ಉತ್ತರ ಬರೆಯಬೇಕಾಗಿಲ್ಲ. ಇನ್ನು ನಿಮ್ಮಿಂದ ನನಗೆ ಆಗಬೇಕಾದ ಕೆಲಸ ಯಾವುದೂ ಇಲ್ಲ. ಬರುವುದಾದರೆ ಹಾಗೇ ಬನ್ನಿ.